ನಿಂತ ಕಾರೂ ನೀರು ಕುಡಿಯುತ್ತದೆ

ಜಯನಗರದ ಹಳೆಯ ಬ್ಲಾಕುಗಳ ಅಡ್ಡರಸ್ತೆಗಳಲ್ಲಿ ಮರದ ನೆರಳಿಗೆ ನಿಂತಿರುವ ಎಷ್ಟೋ ಕಾರುಗಳಿಗೆ ಓಡುವ ಕೆಲಸ ಕಡಿಮೆ. ಕೆಎ-05 ನೋಂದಣಿ, ಎಂಟೊಂಬತ್ತು ವರ್ಷ ವಯಸ್ಸು, ಓಡಿದ್ದು ಮೂವತ್ತು ಸಾವಿರ ಕಿಲೋಮೀಟರಿಗೂ ಕಮ್ಮಿ. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ಹೋಗಿ ತರಕಾರಿ ತರುವುದು, ಶನಿವಾರ ರಾಗಿಗುಡ್ಡದ ಆಂಜನೇಯನ ದರ್ಶನ, ಮಳೆ ಬಂದ ದಿನ ಮೊಮ್ಮಕ್ಕಳನ್ನು ಶಾಲೆಯಿಂದ ಕರೆತರುವುದು, ಇಷ್ಟರಲ್ಲೇ ಅವುಗಳ ವರ್ಷ ಕಳೆಯುತ್ತದೆ. ‘ಗಾಡಿ ಹೊರಗೆ ತೆಗೆಯೋದೇ ಅಪರೂಪ, ಸರ್ವಿಸಿಗೆ ಯಾಕೆ ದುಡ್ಡು ಸುರಿಯೋಣ’ ಎನ್ನುತ್ತಾರೆ ಮಾಲೀಕರು. ಆ ಮಾತಿನಲ್ಲಿ ಲೆಕ್ಕವಿದೆ. ಕ್ಲಚ್ ತೆಳುವಾಗುವುದು, ಬ್ರೇಕ್ ಪ್ಯಾಡ್ ಸವೆಯುವುದು ಗಾಡಿ ಓಡಿದಷ್ಟೇ. ಆದರೆ ಬಾನೆಟ್ ಎತ್ತಿದಾಗ ಹಿಂಬದಿಯಲ್ಲಿ ಕಾಣುವ ಸಣ್ಣದೊಂದು ಪ್ಲಾಸ್ಟಿಕ್ ಡಬ್ಬಿಯೊಳಗಿನ ದ್ರವಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಕಾರು ಓಡುತ್ತಿರಲಿ, ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿರಲಿ, ಬ್ರೇಕ್ ಆಯಿಲ್ ಗಾಳಿಯಿಂದ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಅದು ಹಾಳಾಗುವುದು ತಿಂಗಳುಗಳ ಲೆಕ್ಕದಲ್ಲಿ.

ನಮ್ಮ ಕಾರುಗಳ ಬಿಡಿಭಾಗಗಳಲ್ಲಿ ಇಷ್ಟು ಕಡಿಮೆ ಗಮನ ಪಡೆದು ಇಷ್ಟು ದೊಡ್ಡ ಹೊಣೆ ಹೊತ್ತಿರುವುದು ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಅದು ಮಾಡುವ ಕೆಲಸವೇನೆಂದು ಮೊದಲು ನೋಡೋಣ.

ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಹರಡುತ್ತದೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಹೇಳಿದ ಈ ನಿಯಮವನ್ನು ಎಸ್ಸೆಸ್ಸೆಲ್ಸಿ ಮುಗಿಸಿದ ಎಲ್ಲರೂ ಒಮ್ಮೆ ಓದಿರುತ್ತೇವೆ. ಅದರ ಬಲದಿಂದಲೇ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ದ್ರವಚಾಲಿತ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. ಮಾಲ್ಕಮ್ ಲಾಕ್‌ಹೀಡ್ ಎಂಬ ಅಮೆರಿಕನ್ 1917ರಲ್ಲಿ ಅದನ್ನೇ ಕಾರಿನ ಬ್ರೇಕಿಗೆ ತಂದ. 1921ರ ಹೊತ್ತಿಗೆ ಡ್ಯೂಸನ್‌ಬರ್ಗ್ ಕಂಪನಿಯ ಕಾರುಗಳು ನಾಲ್ಕೂ ಚಕ್ರಗಳಿಗೆ ದ್ರವದ ಬ್ರೇಕ್ ಹೊತ್ತು ರಸ್ತೆಗಿಳಿದಿದ್ದವು. ಅದಕ್ಕೂ ಮುಂಚೆ ಕಡ್ಡಿ, ತಂತಿ, ಸನ್ನೆಗಳ ಕಾಲ. ನಾಲ್ಕು ಚಕ್ರಕ್ಕೂ ಸಮನಾಗಿ ಬ್ರೇಕ್ ಹಿಡಿಸುವುದೇ ಆಗ ಸಾಹಸವಾಗಿತ್ತು.

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಂದಿನ ಬಸ್ಸು ಗಕ್ಕನೆ ನಿಂತಾಗ ನೀವು ಪೆಡಲಿನ ಮೇಲೆ ಸುಮಾರು 20 ಕೆ.ಜಿ. ಭಾರ ಹಾಕುತ್ತೀರಿ ಎಂದುಕೊಳ್ಳಿ. ಪೆಡಲಿನ ಸನ್ನೆ ಅದನ್ನು ನಾಲ್ಕು ಪಟ್ಟು ಮಾಡಿ 80 ಕೆ.ಜಿ.ಗೆ ಏರಿಸುತ್ತದೆ. ಅದರ ಹಿಂದಿನ ದುಂಡನೆಯ ನಿರ್ವಾತ ಬೂಸ್ಟರ್ ಮತ್ತೆ ಮೂರೂವರೆ ಪಟ್ಟು ಹೆಚ್ಚಿಸಿ 280 ಕೆ.ಜಿ. ಮಾಡುತ್ತದೆ. ಈ ಬಲ 20 ಮಿಲಿಮೀಟರ್ ವ್ಯಾಸದ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ ಬಿದ್ದಾಗ ದ್ರವದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 90 ಕೆ.ಜಿ. ಒತ್ತಡ ಹುಟ್ಟುತ್ತದೆ. ಅದೇ ಒತ್ತಡ ಮುಂದಿನ ಚಕ್ರದ ಕ್ಯಾಲಿಪರಿನಲ್ಲಿರುವ 50 ಮಿಲಿಮೀಟರ್ ಪಿಸ್ಟನ್ನನ್ನು ತಲುಪಿ ಒಂದೂಮುಕ್ಕಾಲು ಟನ್ ಬಲವಾಗಿ ಪ್ಯಾಡನ್ನು ಡಿಸ್ಕಿಗೆ ಅದುಮುತ್ತದೆ. ಗಾಡಿಯಿಂದ ಗಾಡಿಗೆ ಅಳತೆಗಳು ಬದಲಾಗುತ್ತವೆ, ಆದರೆ ಲೆಕ್ಕದ ದಾರಿ ಇದೇ.

ಇದೆಲ್ಲ ನಡೆಯಲು ಒಂದೇ ಷರತ್ತು. ನಡುವೆ ಇರುವುದು ಕುಗ್ಗಬಾರದು. 90 ಕೆ.ಜಿ. ಒತ್ತಡದಲ್ಲಿ ಬ್ರೇಕ್ ಆಯಿಲ್ ಕುಗ್ಗುವುದು ಶೇಕಡಾ ಅರ್ಧದಷ್ಟು ಮಾತ್ರ. ಗಾಳಿಯೋ ಹಬೆಯೋ ಆದರೆ ಅದೇ ಒತ್ತಡಕ್ಕೆ ಮುದುಡಿ ಹೇಳಹೆಸರಿಲ್ಲದಂತಾಗುತ್ತದೆ. ಪೆಡಲನ್ನು ಪೂರ್ತಿ ತುಳಿದಾಗಲೂ ಮಾಸ್ಟರ್ ಸಿಲಿಂಡರ್ ತಳ್ಳುವ ದ್ರವ ಹತ್ತು ಮಿಲಿ ಲೀಟರಿನ ಆಸುಪಾಸು, ಎರಡು ಟೀ ಚಮಚದಷ್ಟು. ಅಷ್ಟೇ ಗಾತ್ರದ ಹಬೆ ಎಲ್ಲಿಯಾದರೂ ಸಿಕ್ಕಿಕೊಂಡರೆ ಪಾದದ ಶ್ರಮವೆಲ್ಲ ಆ ಹಬೆಯನ್ನು ಮುದುಡಿಸುವುದರಲ್ಲೇ ಮುಗಿಯುತ್ತದೆ. ಪ್ಯಾಡ್ ಅಲುಗುವ ಮೊದಲೇ ಪೆಡಲ್ ನೆಲ ಮುಟ್ಟುತ್ತದೆ.

ಇನ್ನು ನೀರಿನ ಗುಣವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಒಂದು ಮಿಲಿ ಲೀಟರ್ ನೀರು ಆವಿಯಾದರೆ ಸುಮಾರು 1,700 ಮಿಲಿ ಲೀಟರ್ ಜಾಗ ಬೇಡುತ್ತದೆ. ಒಂದು ಹನಿಯ ಹತ್ತನೇ ಒಂದು ಭಾಗ ಆವಿಯಾದರೆ ಸಾಕು, ಪೆಡಲಿನ ಪೂರ್ತಿ ಚಲನೆಯನ್ನು ಅದು ನುಂಗಿಬಿಡುತ್ತದೆ. ಅರ್ಧ ಲೀಟರ್ ಬ್ರೇಕ್ ಆಯಿಲಿನಲ್ಲಿ ಶೇಕಡಾ 3ರಷ್ಟು ನೀರು ಸೇರಿದ್ದರೆ ಒಳಗೆ ಇರುವುದು 15 ಮಿಲಿ ಲೀಟರ್ ನೀರು, ಸುಮಾರು ಮುನ್ನೂರು ಹನಿ.

ಹಾಗಿದ್ದರೆ ನೀರನ್ನು ಎಳೆದುಕೊಳ್ಳುವ ದ್ರವವನ್ನೇ ಬ್ರೇಕಿಗೆ ಏಕೆ ಬಳಸಬೇಕು? ಎಂಜಿನಿಯರುಗಳಿಗೆ ಇದು ತಿಳಿಯದೆ ಆದ ಲೋಪವಲ್ಲ. ಮೊದಮೊದಲು ಅವರು ಬಳಸಿದ್ದು ಹರಳೆಣ್ಣೆ ಮತ್ತು ಆಲ್ಕೋಹಾಲಿನ ಮಿಶ್ರಣ. ಬೆಂಗಳೂರಿನ ಸುತ್ತಲ ರಾಗಿ ಹೊಲಗಳ ಅಕ್ಕಡಿ ಸಾಲಿನಲ್ಲಿ ನಮ್ಮ ರೈತರು ಬೆಳೆಯುತ್ತಿದ್ದ ಹರಳಿನ ಎಣ್ಣೆಯೇ ಅದು. ಪೆಟ್ರೋಲಿಯಂ ಎಣ್ಣೆ ತಗುಲಿದರೆ ಅಂದಿನ ನೈಸರ್ಗಿಕ ರಬ್ಬರಿನ ಬಿಲ್ಲೆಗಳು ಊದಿಕೊಳ್ಳುತ್ತಿದ್ದವು. ಹರಳೆಣ್ಣೆ ರಬ್ಬರಿಗೆ ಕೇಡು ಮಾಡುತ್ತಿರಲಿಲ್ಲ, ಜಾರಿಕೆಯನ್ನೂ ಕೊಡುತ್ತಿತ್ತು. ಆದರೆ ಅದರೊಂದಿಗೆ ಬೆರೆಸಿದ ಆಲ್ಕೋಹಾಲ್ ಬೇಗ ಕುದಿಯುತ್ತಿತ್ತು. ಕಾರುಗಳ ವೇಗ ಏರಿ ಬ್ರೇಕ್ ಕಾಯತೊಡಗಿದ ಮೇಲೆ ಆ ಮಿಶ್ರಣ ಸಾಲದಾಯಿತು. ಅದರ ಜಾಗಕ್ಕೆ ಬಂದದ್ದು ಗ್ಲೈಕಾಲ್ ಈಥರ್ ಎಂಬ ರಾಸಾಯನಿಕಗಳ ಕುಟುಂಬ.

ಈ ಅಣುಗಳಲ್ಲಿರುವ ಆಮ್ಲಜನಕಕ್ಕೆ ನೀರಿನ ಅಣುವನ್ನು ಹತ್ತಿರ ಸೆಳೆದು ಹಿಡಿದುಕೊಳ್ಳುವ ಗುಣವಿದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಜಾಡಿ ಪಸೆಯಾಗುವ ಹಾಗೆ ಇದು ಸುತ್ತಲಿನ ಗಾಳಿಯ ತೇವವನ್ನು ಒಳಗೆಳೆಯುತ್ತದೆ. ಎಳೆದ ನೀರು ದ್ರವದಲ್ಲಿ ಪೂರ್ತಿ ಕರಗಿ ಎಲ್ಲೆಡೆ ಹರಡಿಕೊಳ್ಳುತ್ತದೆ, ಒಂದು ಕಡೆ ಗುಂಪಾಗಿ ನಿಲ್ಲುವುದಿಲ್ಲ. ಬೇಕಾಗಿದ್ದದ್ದು ಇದೇ. ನೀರನ್ನು ಕರಗಿಸಿಕೊಳ್ಳದ ದ್ರವವನ್ನು ತುಂಬಿದರೆ, ಹೇಗೋ ಒಳಹೊಕ್ಕ ನೀರು ಹನಿಯಾಗಿಯೇ ಉಳಿದು ತಗ್ಗಿನಲ್ಲಿರುವ ಕ್ಯಾಲಿಪರಿಗೆ ಇಳಿಯುತ್ತದೆ. ಕ್ಯಾಲಿಪರ್ ಇಡೀ ವ್ಯವಸ್ಥೆಯಲ್ಲೇ ಅತಿ ಬಿಸಿಯಾಗುವ ಜಾಗ. ಅಲ್ಲಿ ಆ ಹನಿ ನೂರು ಡಿಗ್ರಿಗೇ ಕುದಿಯುತ್ತದೆ, ಚಳಿದೇಶಗಳಲ್ಲಾದರೆ ಹೆಪ್ಪುಗಟ್ಟುತ್ತದೆ, ಎಲ್ಲಿದ್ದರೂ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಡಾಟ್ 5 ಎಂಬ ಸಿಲಿಕೋನ್ ದ್ರವಕ್ಕೆ ಇರುವ ತೊಂದರೆ ಇದು. ಗ್ಲೈಕಾಲ್ ಈಥರ್ ಬಂದ ನೀರನ್ನು ತನ್ನೊಳಗೆ ಹಂಚಿಕೊಂಡು ಅಪಾಯವನ್ನು ಮುಂದೂಡುತ್ತದೆ, ಅದಕ್ಕಾಗಿ ತನ್ನ ಕುದಿಬಿಂದುವನ್ನು ಸ್ವಲ್ಪ ಸ್ವಲ್ಪವೇ ಕಳೆದುಕೊಳ್ಳುತ್ತದೆ. ಹೀಗೆ ಮುಂದೂಡಿದ ಅಪಾಯಕ್ಕೆ ಒಂದು ಗಡುವು ಇದೆ. ಆ ಗಡುವಿನೊಳಗೆ ದ್ರವವನ್ನು ಬದಲಿಸುವುದು ಮಾಲೀಕನ ಪಾಲಿನ ಕೆಲಸ.

ಎಷ್ಟು ಕಳೆದುಕೊಳ್ಳುತ್ತದೆ ಎಂಬುದು ಅಂಕಿಗಳಲ್ಲೇ ಇದೆ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಅಚ್ಚಾಗಿರುವುದನ್ನು ನೋಡಿರುತ್ತೀರಿ. ಡಾಟ್ ಎಂಬುದು ಅಮೆರಿಕದ ಸಾರಿಗೆ ಇಲಾಖೆಯ ಹೆಸರಿನ ಮೊದಲಕ್ಷರಗಳು. ಅದರ ದರ್ಜೆಗಳನ್ನೇ ಹೆಚ್ಚುಕಡಿಮೆ ಇಡೀ ಜಗತ್ತು ಒಪ್ಪಿಕೊಂಡಿದೆ. ನಮ್ಮ ಬಾಟಲಿಗಳ ಮೇಲೆ ಜತೆಗೆ ಐಎಸ್ 8654 ಎಂಬ ಭಾರತೀಯ ಮಾನಕದ ಸಂಖ್ಯೆಯೂ ಇರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇಕಡಾ 3.7ರ ಆಸುಪಾಸಿನಲ್ಲಿ ನೀರು ಸೇರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಜೋಡಿ 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಡಾಟ್ 4ರಲ್ಲಿ ಬೋರೇಟ್ ಎಸ್ಟರ್ ಎಂಬ ಸಂಯುಕ್ತವನ್ನು ಸೇರಿಸಿರುತ್ತಾರೆ. ಅದು ಬಂದ ನೀರಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡು ಕುಸಿತವನ್ನು ತಡೆಹಿಡಿಯುತ್ತದೆ, ಆದರೆ ಎಸ್ಟರ್ ಖರ್ಚಾಗುತ್ತಾ ಹೋದಂತೆ ಆ ರಕ್ಷಣೆಯೂ ಕರಗುತ್ತದೆ. ನೂರು ಪಾಲಿನಲ್ಲಿ ನಾಲ್ಕು ಪಾಲೂ ಇಲ್ಲದ ನೀರು 75 ಡಿಗ್ರಿಯಷ್ಟು ಸುರಕ್ಷತೆಯನ್ನು ತಿಂದುಹಾಕುತ್ತದೆ ಎಂಬುದನ್ನು ಗಮನಿಸಬೇಕು.

ನೀರು ಒಳಬರುವ ದಾರಿಗಳು ಎರಡು. ಪ್ಯಾಡ್ ಸವೆದಂತೆ ಡಬ್ಬಿಯ ಮಟ್ಟ ಇಳಿಯಲೇಬೇಕು, ಇಳಿದ ಜಾಗ ತುಂಬಲು ಮುಚ್ಚಳದಲ್ಲಿ ಗಾಳಿಗೆ ದಾರಿ ಬಿಟ್ಟಿರುತ್ತಾರೆ. ಇದು ಮೊದಲನೆಯದು. ಎರಡನೆಯದನ್ನು ಯಾರೂ ಊಹಿಸುವುದಿಲ್ಲ. ಚಕ್ರದ ಹತ್ತಿರ ಬಾಗಿ ಬಳುಕುವ ರಬ್ಬರ್ ಹೋಸ್‌ಗಳ ಗೋಡೆಯ ಮೂಲಕವೇ ನೀರಿನ ಆವಿ ನಿಧಾನವಾಗಿ ನುಸುಳುತ್ತದೆ. ಒಂದು ಹನಿ ದ್ರವವೂ ಸೋರದ ಹೋಸ್ ಕೂಡ ಆವಿಯನ್ನು ಪೂರ್ತಿ ತಡೆಯಲಾರದು. ಈ ಕಾರಣದಿಂದ ಕ್ಯಾಲಿಪರಿನ ಬಳಿಯ ದ್ರವ ಡಬ್ಬಿಯ ದ್ರವಕ್ಕಿಂತ ಹೆಚ್ಚು ನೀರು ಹಿಡಿದಿರಬಹುದು. ಮೆಕ್ಯಾನಿಕ್ ಡಬ್ಬಿಯೊಳಗೆ ಪೆನ್ನಿನಂಥ ಸಾಧನ ಅದ್ದಿ ಹಸಿರು ದೀಪ ತೋರಿಸಿ ‘ಚೆನ್ನಾಗಿದೆ ಸಾರ್’ ಎಂದರೆ ಅದನ್ನು ಅರ್ಧ ಮಾತು ಎಂದೇ ತಿಳಿಯಿರಿ. ಆ ಪೆನ್ನು ಅಳೆಯುವುದು ವಿದ್ಯುತ್ ಹರಿವನ್ನು, ದ್ರವದ ತಯಾರಿಕೆ ಬದಲಾದರೆ ಅದರ ಅಂದಾಜೂ ತಪ್ಪುತ್ತದೆ. ದ್ರವವನ್ನು ನಿಜವಾಗಿ ಕಾಯಿಸಿ ಕುದಿಬಿಂದು ನೋಡುವ ಉಪಕರಣವೇ ನಂಬಿಕೆಗೆ ಅರ್ಹ, ಆದರೆ ಅದು ಎಲ್ಲ ಗ್ಯಾರೇಜುಗಳಲ್ಲಿ ಸಿಗದು.

ನಮ್ಮೂರಿನ ಹವೆಯನ್ನು ಎಲ್ಲರೂ ಹೊಗಳುತ್ತಾರೆ. ಜೂನ್‌ನಿಂದ ಅಕ್ಟೋಬರಿನವರೆಗೆ ಬೆಳಗಿನ ಹೊತ್ತಿನ ಆರ್ದ್ರತೆ ಶೇಕಡಾ 80 ದಾಟುವುದು ಇಲ್ಲಿ ಸಾಮಾನ್ಯ. ಒಂದು ಕಾರಿನ ಬ್ರೇಕ್ ಆಯಿಲ್ ಎರಡು ಮಳೆಗಾಲಗಳನ್ನು ಕಂಡಿದ್ದರೆ ಅದು ಬದಲಾವಣೆಗೆ ಬಂದಿದೆ ಎಂದು ಎಣಿಸುವುದು ಸರಳ, ನೆನಪಿಡಲೂ ಸುಲಭ. ಬಹುತೇಕ ತಯಾರಕರು ಕೈಪಿಡಿಯಲ್ಲಿ ಬರೆದಿರುವುದೂ ಇದನ್ನೇ. ಎರಡು ವರ್ಷ, ಇಲ್ಲವೇ ಇಂತಿಷ್ಟು ಕಿಲೋಮೀಟರ್, ಯಾವುದು ಮೊದಲೋ ಅದು. ‘ಯಾವುದು ಮೊದಲೋ’ ಎಂಬ ಎರಡು ಪದಗಳನ್ನು ಕಡಿಮೆ ಓಡಿಸುವವರು ಓದುವುದೇ ಇಲ್ಲ.

ನಗರದೊಳಗೆ ಓಡುವಾಗ ಈ ನಿರ್ಲಕ್ಷ್ಯ ಬಯಲಿಗೆ ಬರುವುದೂ ಇಲ್ಲ. ಟಾಮ್‌ಟಾಮ್ ಸಂಸ್ಥೆಯ 2022ರ ಪಟ್ಟಿಯ ಪ್ರಕಾರ ಬೆಂಗಳೂರಿನ ನಡುವೆ 10 ಕಿಲೋಮೀಟರ್ ಸಾಗಲು 29 ನಿಮಿಷಕ್ಕಿಂತ ಹೆಚ್ಚು ಬೇಕಿತ್ತು. ಅಂದರೆ ಗಂಟೆಗೆ ಇಪ್ಪತ್ತು ಕಿಲೋಮೀಟರಿನ ವೇಗ. ಸಾರಕ್ಕಿ ಸಿಗ್ನಲ್, ಬನಶಂಕರಿ, ಜಯದೇವ, ಡೇರಿ ಸರ್ಕಲ್ ಎಂದು ಹೆಜ್ಜೆಗೊಮ್ಮೆ ಬ್ರೇಕ್ ಒತ್ತುತ್ತೇವೆ ನಿಜ. ಆದರೆ ಬ್ರೇಕಿಗೆ ಬೀಳುವ ಶಾಖ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೂವತ್ತರ ವೇಗದಿಂದ ನಿಲ್ಲಿಸಿದಾಗ ಹುಟ್ಟುವ ಶಾಖಕ್ಕಿಂತ ನೂರರ ವೇಗದಿಂದ ನಿಲ್ಲಿಸಿದಾಗ ಹುಟ್ಟುವುದು 11 ಪಟ್ಟು ಹೆಚ್ಚು. ನಮ್ಮ ಟ್ರಾಫಿಕ್ಕಿನಲ್ಲಿ ಪ್ಯಾಡ್ ಸವೆದೀತು, ಕಾಲು ನೋಯಬಹುದು, ಆದರೆ ಕ್ಯಾಲಿಪರ್ 150 ಡಿಗ್ರಿ ಮುಟ್ಟುವ ಸಂದರ್ಭ ಅಪರೂಪ. ಐದು ವರ್ಷ ಹಳೆಯ ಆಯಿಲ್ ಇದ್ದರೂ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ. ಜೆ.ಪಿ. ನಗರದಿಂದ ಬಿಟಿಎಂ ಲೇಔಟಿಗೆ ನಿತ್ಯ ಓಡಾಡುವವರಿಗೆ ತಮ್ಮ ಬ್ರೇಕ್ ಹಳತಾಗಿದೆ ಎಂದು ಅನ್ನಿಸಲು ಕಾರಣವೇ ಸಿಗುವುದಿಲ್ಲ.

ಪರೀಕ್ಷೆ ನಡೆಯುವುದು ರಜೆಯ ದಿನಗಳಲ್ಲಿ. ಮೂರು ದಿನ ಬಿಡುವು ಸಿಕ್ಕಿತೆಂದರೆ ದಕ್ಷಿಣ ಬೆಂಗಳೂರಿನ ಕಾರುಗಳು ಮೈಸೂರು ದಾಟಿ ಬಂಡೀಪುರದ ಮೂಲಕ ಊಟಿಗೆ ಹೊರಡುತ್ತವೆ. ಊಟಿ ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಅಪಘಾತಗಳು ಆಗುತ್ತಲೇ ಇದ್ದುದರಿಂದ ಹೊರಗಿನವರ ವಾಹನಗಳು ಆ ದಾರಿಯಲ್ಲಿ ಕೆಳಗಿಳಿಯುವುದಕ್ಕೆ ನಿರ್ಬಂಧ ಹಾಕಿದ್ದಾರೆ. ಗೂಡಲೂರಿನ ದಾರಿ ಅಷ್ಟು ಕಡಿದಲ್ಲ, ಆದರೂ ಅಲ್ಲೂ ಇಳಿಯಬೇಕಾದ್ದು ಸಾವಿರ ಮೀಟರಿಗೂ ಹೆಚ್ಚು. ನಾಲ್ವರು ಕೂತು, ಸಾಮಾನು ತುಂಬಿ 1,500 ಕೆ.ಜಿ. ತೂಗುವ ಕಾರು 1,100 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಒಂದು ಕೋಟಿ ಅರವತ್ತು ಲಕ್ಷ ಜೌಲ್. ಸುಮಾರು 50 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು. ಈ ಶಕ್ತಿಯಲ್ಲಿ ಒಂದು ಪಾಲನ್ನು ಗಾಳಿಯ ತಡೆ ತೆಗೆದುಕೊಳ್ಳುತ್ತದೆ. ಉಳಿದದ್ದನ್ನು ಎಂಜಿನ್ ಹಂಚಿಕೊಳ್ಳಬೇಕು, ಇಲ್ಲವಾದರೆ ಬ್ರೇಕೇ ಹೊರಬೇಕು.

ಎತ್ತರದ ಜಾಗಗಳಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಬಾಟಲಿಯ ಮೇಲಿನ ಕುದಿಬಿಂದುಗಳೆಲ್ಲ ಸಮುದ್ರಮಟ್ಟದ ವಾಯುಭಾರಕ್ಕೆ ಹೇಳಿದ ಸಂಖ್ಯೆಗಳು. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಊಟಿಯಲ್ಲಿ 93ರ ಒಳಗೇ. ಬ್ರೇಕ್ ಆಯಿಲಿನ ಕುದಿಬಿಂದುವೂ ಅದೇ ರೀತಿ ಕೆಲವು ಡಿಗ್ರಿ ಕೆಳಗಿಳಿದಿರುತ್ತದೆ. ಘಾಟಿ ಆರಂಭವಾಗುವ ಜಾಗದಲ್ಲೇ ದ್ರವದ ತಾಳಿಕೆ ಕಮ್ಮಿ.

ಪೆಡಲ್ ಒತ್ತಿ ಹಿಡಿದಿರುವಾಗ ದ್ರವ ಕುದಿಯುವುದಿಲ್ಲ, ಒತ್ತಡ ಅದನ್ನು ತಡೆಯುತ್ತದೆ. ಪಾದ ಎತ್ತಿದೊಡನೆ ಒತ್ತಡ ಹೊರಗಿನ ಗಾಳಿಯ ಮಟ್ಟಕ್ಕೆ ಇಳಿಯುತ್ತದೆ. ಆ ಕ್ಷಣದಲ್ಲೇ ಕ್ಯಾಲಿಪರಿನೊಳಗೆ ಗುಳ್ಳೆಗಳು ಏಳುತ್ತವೆ, ದ್ರವವನ್ನು ಡಬ್ಬಿಯ ಕಡೆಗೆ ಹಿಂದಕ್ಕೆ ತಳ್ಳುತ್ತವೆ. ಮುಂದಿನ ತಿರುವಿನಲ್ಲಿ ಪೆಡಲ್ ತುಳಿದರೆ ಅದು ಸೀದಾ ಕೆಳಗೆ ಹೋಗುತ್ತದೆ. ಮುಂದಿನ ಎರಡೂ ಚಕ್ರಗಳು ಒಟ್ಟಿಗೇ ಕಾದಿರುವುದರಿಂದ, ಒಂದು ಕೊಳವೆ ಒಡೆದರೂ ಇನ್ನೊಂದು ಉಳಿಯಲಿ ಎಂದು ಮಾಡಿದ ಜೋಡಿ ಸರ್ಕ್ಯೂಟ್ ಇಲ್ಲಿ ಕೈಬಿಡಬಹುದು. ಇನ್ನೂ ಕಪಟವಾದ ಸಂದರ್ಭ ಒಂದಿದೆ. ಘಾಟಿ ಇಳಿದು ಟೀ ಅಂಗಡಿಯ ಮುಂದೆ ಹತ್ತು ನಿಮಿಷ ನಿಲ್ಲಿಸುತ್ತೀರಿ. ಓಡುವಾಗ ಡಿಸ್ಕನ್ನು ತಂಪಾಗಿಸುತ್ತಿದ್ದ ಗಾಳಿ ಈಗ ಇಲ್ಲ. ಡಿಸ್ಕಿನ ಕಾವು ಪ್ಯಾಡಿಗೆ, ಪ್ಯಾಡಿನಿಂದ ಪಿಸ್ಟನ್ನಿಗೆ, ಅಲ್ಲಿಂದ ದ್ರವಕ್ಕೆ ಹರಿಯುತ್ತದೆ. ಹತ್ತಿ ಕೂತು ಹೊರಟಾಗ ಪೆಡಲ್ ಮೆತ್ತಗಾಗಿರುತ್ತದೆ. ಘಾಟಿ ಮುಗಿಯಿತೆಂದು ನಿರಾಳವಾದ ಚಾಲಕ ಇದನ್ನು ನಿರೀಕ್ಷಿಸಿರುವುದಿಲ್ಲ. ಆಗುಂಬೆಯ 14 ತಿರುವುಗಳನ್ನು ಇಳಿದು ಸೋಮೇಶ್ವರದಲ್ಲಿ ನಿಲ್ಲಿಸಿದಾಗಲೂ, ಚಾರ್ಮಾಡಿ ಇಳಿದು ಉಜಿರೆಯ ಕಡೆ ಹೊರಟಾಗಲೂ ಇದೇ ಭೌತಶಾಸ್ತ್ರ.

ಆಟೊಮ್ಯಾಟಿಕ್ ಗೇರಿನ ಬಗ್ಗೆ ಒಂದು ಮಾತು ಹೇಳದಿರಲಾರೆ. ಈ ಊರಿನ ಟ್ರಾಫಿಕ್ಕಿಗೆ ಬೇಸತ್ತು ಜನ ಆಟೊಮ್ಯಾಟಿಕ್ ಕಾರು ಕೊಳ್ಳುತ್ತಿದ್ದಾರೆ, ಅದು ಸರಿಯಾದ ಆಯ್ಕೆಯೇ. ಆದರೆ ಅದೇ ಕಾರನ್ನು ಘಾಟಿಯಲ್ಲೂ ಡಿ ಯಲ್ಲೇ ಬಿಟ್ಟು ಇಳಿಸಿದರೆ ಎಂಜಿನ್ನಿನ ತಡೆ ಸಾಕಷ್ಟು ಸಿಗದೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಎಲ್, ಎಸ್, 2 ಅಥವಾ ಮ್ಯಾನುಯಲ್ ಎಂದು ಯಾವುದಾದರೊಂದು ಸ್ಥಾನ ನಿಮ್ಮ ಕಾರಿನಲ್ಲಿ ಇದ್ದೇ ಇರುತ್ತದೆ. ಇಳಿಜಾರಿನಲ್ಲಿ ಬಳಸಬೇಕಾದದ್ದು ಅದನ್ನೇ. ಗೇರ್ ಹಾಕುವ ಕಾರಿನಲ್ಲಿ ಹತ್ತುವಾಗ ಬಳಸಿದ ಗೇರನ್ನೇ ಇಳಿಯುವಾಗಲೂ ಬಳಸುವ ಹಳೆಯ ಡ್ರೈವರುಗಳ ಪಾಠ ಇಂದಿಗೂ ಸರಿ.

ಎಲ್ಲ ಎಚ್ಚರಿಕೆಯ ಮೇಲೂ ಪೆಡಲ್ ನೆಲಕ್ಕೆ ಹೋದರೆ ಅದನ್ನು ಬೇಗ ಬೇಗ ಒತ್ತಿ ಬಿಡಬೇಕು. ಪ್ರತಿ ಸಲವೂ ಡಬ್ಬಿಯಿಂದ ಸ್ವಲ್ಪ ದ್ರವ ಕೆಳಗಿಳಿದು ಗುಳ್ಳೆಯ ಜಾಗ ತುಂಬುತ್ತದೆ, ಕೆಲವೇ ಒತ್ತುಗಳಲ್ಲಿ ಪೆಡಲ್ ಮೇಲೆದ್ದೀತು. ಜತೆಗೇ ಗೇರ್ ಇಳಿಸಬೇಕು. ಕೇಬಲ್ಲಿನ ಹ್ಯಾಂಡ್‌ಬ್ರೇಕ್ ಇದ್ದರೆ ಗುಂಡಿ ಒತ್ತಿ ಹಿಡಿದು ಹಂತಹಂತವಾಗಿ ಎಳೆಯಬೇಕು. ಅದಕ್ಕೆ ದ್ರವದ ಹಂಗಿಲ್ಲ.

ಘಾಟಿಗೆ ಹೋಗುವುದೇ ಇಲ್ಲ ಎನ್ನುವವರ ಕಾರಿನಲ್ಲೂ ನೀರು ಸುಮ್ಮನಿರುವುದಿಲ್ಲ. ಬ್ರೇಕ್ ಆಯಿಲಿಗೆ ತುಕ್ಕು ತಡೆಯುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಅವು ವರ್ಷಗಳು ಕಳೆದಂತೆ ಖರ್ಚಾಗುತ್ತವೆ. ಆಮೇಲೆ ಕ್ಯಾಲಿಪರಿನ ಪಿಸ್ಟನ್, ಹಿಂದಿನ ಡ್ರಮ್ಮಿನ ವೀಲ್ ಸಿಲಿಂಡರ್, ಉಕ್ಕಿನ ಕೊಳವೆಗಳ ಒಳಮೈ ಒಂದೊಂದಾಗಿ ತುಕ್ಕು ಹಿಡಿಯುತ್ತವೆ. ಬಹಳ ದಿನ ನಿಂತ ಕಾರು ಹೊರಡುವಾಗ ಒಂದು ಚಕ್ರ ಹಿಡಿದುಕೊಂಡಂತಾಗುವುದಕ್ಕೆ ಇದೂ ಒಂದು ಕಾರಣ. ದುಬಾರಿ ಪೆಟ್ಟು ಬೀಳುವುದು ಎಬಿಎಸ್ ಘಟಕಕ್ಕೆ. ಬಿಟಿಎಂ ಪಕ್ಕದ ಮೈಕೊ ಲೇಔಟಿಗೆ ಹೆಸರು ಕೊಟ್ಟ ಆಡುಗೋಡಿಯ ಮೈಕೊ ಕಂಪನಿಯೇ ಇವತ್ತಿನ ಬಾಷ್. ಅದರ ಜರ್ಮನಿಯ ಮೂಲ ಸಂಸ್ಥೆ 1978ರಲ್ಲಿ ಕಾರುಗಳಿಗೆ ಎಲೆಕ್ಟ್ರಾನಿಕ್ ಎಬಿಎಸ್ ತಂದಿತು. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಲ್ಲೂ ಅದು ಕಡ್ಡಾಯ. ಚಕ್ರ ಜಾಮ್ ಆಗದಂತೆ ಸೆಕೆಂಡಿಗೆ ಹಲವು ಸಲ ತೆರೆದು ಮುಚ್ಚುವ ಅದರ ಕವಾಟಗಳ ರಂಧ್ರಗಳು ಅತಿ ಸಣ್ಣವು. ಕೊಳೆ, ತುಕ್ಕಿನ ಕಣ ಅಲ್ಲಿ ಸಿಕ್ಕಿಕೊಂಡರೆ ಇಡೀ ಘಟಕವನ್ನೇ ಬದಲಿಸಬೇಕಾಗುತ್ತದೆ, ಅದರ ಬೆಲೆ ಹತ್ತಾರು ಸಾವಿರ. ಬ್ರೇಕ್ ಆಯಿಲಿನ ಬಾಟಲಿಗೆ ಕೆಲವು ನೂರು ರೂಪಾಯಿ.

ಗ್ಯಾರೇಜುಗಳಲ್ಲಿ ಬೇರೂರಿರುವ ಒಂದು ಅಭ್ಯಾಸದ ಬಗ್ಗೆ ನನಗೆ ನಿಜಕ್ಕೂ ಕಳವಳವಿದೆ. ಡಬ್ಬಿಯ ಮಟ್ಟ ಕೆಳಗಿಳಿದಿದ್ದರೆ ‘ಟಾಪ್ ಅಪ್’ ಮಾಡಿ ಕಳಿಸುತ್ತಾರೆ. ಮಟ್ಟ ಇಳಿಯಲು ಇರುವುದು ಎರಡೇ ಕಾರಣ. ಪ್ಯಾಡ್ ಸವೆದು ಪಿಸ್ಟನ್ ಮುಂದೆ ಬಂದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಎರಡೂ ತಿಳಿಯಬೇಕಾದ ಸಂಗತಿಗಳು, ಮೇಲೆ ಸುರಿದರೆ ಎರಡೂ ಮುಚ್ಚಿಹೋಗುತ್ತವೆ. ಅಷ್ಟೇ ಅಲ್ಲ, ಪೆಡಲ್ ಒತ್ತಿದಾಗ ದ್ರವ ಕೊಳವೆಯಲ್ಲಿ ಸ್ವಲ್ಪ ಹಿಂದೆ ಮುಂದೆ ಆಡುತ್ತದೆಯೇ ಹೊರತು ಎಂಜಿನ್ ಆಯಿಲಿನಂತೆ ಸುತ್ತುವುದಿಲ್ಲ. ಮೇಲೆ ಸುರಿದ ಹೊಸ ಆಯಿಲ್ ಕ್ಯಾಲಿಪರಿನ ಹಳೆಯ ಆಯಿಲನ್ನು ತಲುಪುವುದೇ ಇಲ್ಲ. ಬದಲಾಯಿಸುವುದೆಂದರೆ ನಾಲ್ಕೂ ಚಕ್ರಗಳ ಬ್ಲೀಡರ್ ಸ್ಕ್ರೂ ಸಡಿಲಿಸಿ, ಹಳೆಯದೆಲ್ಲ ಹೊರಬಂದು ತಿಳಿಬಣ್ಣದ ಹೊಸ ದ್ರವ ಕಾಣುವವರೆಗೆ ಹರಿಸುವುದು.

ಇನ್ನೂ ಕೆಲವು ಮಾತು. ತೆರೆದಿಟ್ಟ ಬಾಟಲಿಯೂ ಶೆಲ್ಫಿನಲ್ಲೇ ನೀರು ಎಳೆದುಕೊಳ್ಳುತ್ತದೆ, ಆದ್ದರಿಂದ ಸೀಲು ಒಡೆಯದ ಬಾಟಲಿಯನ್ನು ನಿಮ್ಮೆದುರಿಗೇ ತೆರೆಸಿ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಂದ ನೀವೇ ಕೊಂಡೊಯ್ಯುವುದಾದರೆ ದರ್ಜೆ ಮತ್ತು ತಯಾರಾದ ತಿಂಗಳನ್ನು ನೋಡಿ ಕೊಳ್ಳಿ. ಡಾಟ್ 3 ಕೇಳುವ ಕಾರಿಗೆ ಡಾಟ್ 4 ಹಾಕಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಡಾಟ್ 5 ಮಾತ್ರ ಯಾವುದರೊಂದಿಗೂ ಬೆರೆಯದು. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಕೈತಪ್ಪಿ ಒಂದಿಷ್ಟು ಬಿದ್ದರೂ ರಬ್ಬರ್ ಸೀಲುಗಳೆಲ್ಲ ಊದಿ ಹಾಳಾಗುತ್ತವೆ. ಆಗ ಗಾಡಿಯನ್ನು ಅಲ್ಲಿಂದ ಕದಲಿಸಲೂ ಬಾರದು. ಬ್ರೇಕ್ ಆಯಿಲ್ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಬೇಕು, ಅದು ಪೇಂಟನ್ನು ಎಬ್ಬಿಸುತ್ತದೆ.

ಸ್ಕೂಟರು, ಬೈಕುಗಳ ಡಿಸ್ಕ್ ಬ್ರೇಕಿಗೂ ಇದೇ ನಿಯಮ. ಅಲ್ಲಿ ದ್ರವದ ಪ್ರಮಾಣ ತೀರ ಕಡಿಮೆ, ಒಂದಿಷ್ಟು ನೀರು ಸೇರಿದರೂ ಪಾಲು ಹೆಚ್ಚು. ಹ್ಯಾಂಡಲ್ ಮೇಲಿನ ಪುಟ್ಟ ಗಾಜಿನ ಕಿಂಡಿಯಲ್ಲಿ ಬಣ್ಣ ಕಪ್ಪಾದದ್ದು ಕಂಡರೂ ನಾವು ಸುಮ್ಮನಿರುತ್ತೇವೆ. ಎಲೆಕ್ಟ್ರಿಕ್ ಕಾರುಗಳು ಮೋಟಾರನ್ನೇ ತಡೆಯಾಗಿ ಬಳಸಿ ಬ್ರೇಕಿನ ಕೆಲಸ ತಗ್ಗಿಸುತ್ತವೆ. 2001ರಲ್ಲಿ ನಮ್ಮ ಬೆಂಗಳೂರಿನಿಂದಲೇ ಹೊರಬಂದ ರೇವಾದಲ್ಲೂ ಆ ತಂತ್ರವಿತ್ತು. ಅಂಥ ಕಾರಿನಲ್ಲಿ ಪ್ಯಾಡ್ ಬಹಳ ಕಾಲ ಬಾಳುತ್ತದೆ, ಆಯಿಲ್ ಮಾತ್ರ ಎಲ್ಲ ಕಾರುಗಳ ಹಾಗೆಯೇ ತೇವ ಎಳೆಯುತ್ತಿರುತ್ತದೆ.

ಕಾನೂನು ಈ ವಿಷಯದಲ್ಲಿ ಬಹುಮಟ್ಟಿಗೆ ಮೌನವಾಗಿದೆ. ಹಳದಿ ಬೋರ್ಡಿನ ಟ್ಯಾಕ್ಸಿಗೆ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ಬಿಳಿ ಬೋರ್ಡಿನ ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಊರ್ಜಿತ, ಅಷ್ಟೂ ಕಾಲ ಅದರ ಬ್ರೇಕ್ ಹೇಗಿದೆ ಎಂದು ನೋಡುವ ನಿಯತ ತಪಾಸಣೆ ಇಲ್ಲ. ಹೊಗೆ ತಪಾಸಣೆಗೆ ಕಾಲಕಾಲಕ್ಕೆ ಹೋಗಿ ಚೀಟಿ ತರುತ್ತೇವೆ, ಬ್ರೇಕಿಗೆ ಆ ಚೀಟಿಯಿಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಕಾರು ಪ್ರತಿ ವರ್ಷ ಪರೀಕ್ಷೆಗೆ ಹೋಗಬೇಕು. ಜಪಾನಿನಲ್ಲಿ ಮೊದಲು ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ. ಅಲ್ಲಿನ ಗ್ಯಾರೇಜುಗಳಲ್ಲಿ ಆ ಪರೀಕ್ಷೆಯ ಹೊತ್ತಿಗೇ ಬ್ರೇಕ್ ಆಯಿಲನ್ನೂ ಬದಲಿಸುವುದು ರೂಢಿ. ಇಲ್ಲಿ ಬ್ರೇಕ್ ಕೆಟ್ಟ ಗಾಡಿಯನ್ನು ರಸ್ತೆಗಿಳಿಸುವುದು 1988ರ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ನಿನಂತೆ ಅಪರಾಧ, ಆದರೆ ಆ ಸೆಕ್ಷನ್ ನೆನಪಾಗುವುದು ಹೆಚ್ಚಾಗಿ ಅಪಘಾತವಾದ ಮೇಲೆ. ಖಾಸಗಿ ಕಾರಿಗೂ ಐದು ವರ್ಷದ ನಂತರ ಬ್ರೇಕ್ ತಪಾಸಣೆ ಕಡ್ಡಾಯವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದು ಬರುವವರೆಗೆ ಹೊಣೆ ನಿಮ್ಮದು. ಈ ವಾರ ಬಾನೆಟ್ ಎತ್ತಿ, ಮುಚ್ಚಳದ ಮೇಲಿನ ಡಾಟ್ ಸಂಖ್ಯೆಯನ್ನು ಓದಿಕೊಳ್ಳಿ. ಸರ್ವಿಸ್ ಬಿಲ್ಲುಗಳಲ್ಲಿ ಬ್ರೇಕ್ ಆಯಿಲ್ ಬದಲಿಸಿದ ದಾಖಲೆ ಇದೆಯೇ ಹುಡುಕಿ. ದಾಖಲೆ ಸಿಗದಿದ್ದರೆ ಬದಲಾಗಿಲ್ಲವೆಂದೇ ತಿಳಿದು ಬದಲಿಸಿ. ಬದಲಿಸಿದ ತಿಂಗಳು, ವರ್ಷವನ್ನು ಒಂದು ಸ್ಟಿಕ್ಕರಿನ ಮೇಲೆ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿ. ಊಟಿಗೋ ಆಗುಂಬೆಗೋ ಹೊರಡುವ ಯೋಚನೆಯಿದ್ದರೆ ಈ ಕೆಲಸ ಹೊರಡುವ ಮುಂಚೆ ಆಗಲಿ.